ಆಸ್ಪತ್ರೆಯಿಂದ ಬಂದ ಹೊಸ ಮಾತ್ರೆ, ಮನೆಯಲ್ಲಿರುವ ಹಳೆ ಮಾತ್ರೆ: ಯಾವುದು ಕೊಡಬೇಕು, ಯಾವುದು ನಿಲ್ಲಿಸಬೇಕು?

‘ಅಪ್ಪನನ್ನು ನಿನ್ನೆ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದೆವು. ಹೊಸದಾಗಿ ಒಂಬತ್ತು ಮಾತ್ರೆ ಬರೆದುಕೊಟ್ಟಿದ್ದಾರೆ. ಹಳೆಯ ಬಿಪಿ ಮಾತ್ರೆ, ಶುಗರ್ ಮಾತ್ರೆ ಇನ್ನೂ ಎರಡೆರಡು ಶೀಟ್ ಉಳಿದಿವೆ. ಅವನ್ನೂ ಕೊಡಬೇಕಾ, ನಿಲ್ಲಿಸಬೇಕಾ?’

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಫೋನಿನಲ್ಲೇ ಉತ್ತರ ಹೇಳಿಬಿಡೋಣವೆಂದರೆ ಆಗುವುದಿಲ್ಲ, ಯಾಕೆಂದರೆ ಕೇಳುವವರ ಕೈಯಲ್ಲಿ ಪೂರ್ತಿ ಪಟ್ಟಿ ಇರುವುದಿಲ್ಲ. ಹೃದಯದ ಡಾಕ್ಟರು ಬರೆದದ್ದು ಒಂದು ಚೀಟಿಯಲ್ಲಿ, ಮಂಡಿನೋವಿನದು ಇನ್ನೊಂದರಲ್ಲಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದದ್ದಕ್ಕೆ ಚೀಟಿಯೇ ಇಲ್ಲ. ಒಂದೊಂದಾಗಿ ನೋಡಿದರೆ ಪ್ರತಿ ಔಷಧವೂ ಸರಿಯೇ ಇರಬಹುದು, ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇಲ್ಲ. ನಾನು ಕಂಡ ಹಾನಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಹೀಗೆಯೇ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಹಾನಿಯಿಲ್ಲದ ಔಷಧ’ ಎಂಬ ಜಾಗತಿಕ ಕಾರ್ಯಕ್ರಮ ಆರಂಭಿಸಿದಾಗ ಮೂರು ಸಂಗತಿಗಳಿಗೆ ಮೊದಲ ಗಮನ ಕೊಡಬೇಕೆಂದಿತು: ಅಪಾಯ ಹೆಚ್ಚಿರುವ ಔಷಧ ಮತ್ತು ಸಂದರ್ಭಗಳು, ಒಬ್ಬರೇ ಹಲವು ಔಷಧ ತೆಗೆದುಕೊಳ್ಳುವುದು, ಮತ್ತು ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸಮಯ. ಡಿಸ್ಚಾರ್ಜ್ ಆದ ದಿನ ಈ ಮೂರೂ ನಿಮ್ಮ ಮನೆಯಲ್ಲಿ ಒಟ್ಟಿಗೆ ಸೇರಿರುತ್ತವೆ. ಆ ಸಂಜೆ ಒಂದೂವರೆ ಗಂಟೆ ಬಿಡುವು ಮಾಡಿಕೊಂಡು ಕೆಳಗಿನ ಕೆಲಸ ಮುಗಿಸಿ.

ಬೇಕಾದದ್ದು ಇಷ್ಟೇ: ಒಂದು ದೊಡ್ಡ ತಟ್ಟೆ ಅಥವಾ ಮೊರ, ಒಂದು ನೋಟ್‌ಬುಕ್, ದಪ್ಪ ಅಕ್ಷರ ಬರೆಯುವ ಪೆನ್ನು, ಎರಡು ಕವರ್, ಒಳ್ಳೆಯ ಬೆಳಕು. ಶೀಟಿನ ಹಿಂದಿನ ಸಣ್ಣ ಅಕ್ಷರ ಕಾಣದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

1. ಮನೆಯ ಔಷಧವೆಲ್ಲ ಒಂದೇ ತಟ್ಟೆಗೆ

ಬೀರುವಿನದ್ದು, ಫ್ರಿಜ್ಜಿನದ್ದು, ದಿಂಬಿನ ಅಡಿಯದ್ದು, ದೇವರ ಮನೆಯ ಗೂಡಿನದ್ದು, ಪ್ರಯಾಣದ ಬ್ಯಾಗಿನದ್ದು, ಅಮ್ಮನ ಪರ್ಸಿನಲ್ಲಿರುವುದು, ಎಲ್ಲವೂ ಬರಲಿ. ಕಣ್ಣಿಗೆ ಬಿಡುವ ಹನಿ, ಉಸಿರಾಟದ ಪಂಪ್, ಹಚ್ಚುವ ಮುಲಾಮು, ಇನ್ಸುಲಿನ್, ವಿಟಮಿನ್, ಕ್ಯಾಲ್ಸಿಯಂ ಇವನ್ನು ಜನ ಔಷಧದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನೀವು ಹಿಡಿಯಿರಿ.

ಆಯುರ್ವೇದದ ಲೇಹ್ಯ, ಚೂರ್ಣ, ನಾಟಿ ಔಷಧಿ, ಮನೆಯ ಕಷಾಯವೂ ತಟ್ಟೆಗೆ ಬರಬೇಕು. ಇದು ಆ ಪದ್ಧತಿಯ ಮೇಲಿನ ಅನುಮಾನವಲ್ಲ. ಕೆಮ್ಮಿನ ಕಷಾಯಕ್ಕೆ ಹಾಕುವ ಜೇಷ್ಠಮಧು ದಿನವೂ ಹೆಚ್ಚಾಗಿ ಹೊಟ್ಟೆಗೆ ಹೋದರೆ ಬಿಪಿ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನೋ ಹೃದಯದ ಡಿಗಾಕ್ಸಿನ್ ಮಾತ್ರೆಯನ್ನೋ ತೆಗೆದುಕೊಳ್ಳುವವರಿಗೆ ಅದು ಅಪಾಯ. ಹೇಳಿದರೆ ಬೈಯುತ್ತಾರೆಂದು ಹಿರಿಯರು ಇಂಥದ್ದನ್ನು ಮುಚ್ಚಿಡುತ್ತಾರೆ. ಆದ್ದರಿಂದ ‘ಇದನ್ಯಾಕೆ ತಗೊಂಡ್ರಿ’ ಅನ್ನದೆ, ‘ಇನ್ನೇನಾದರೂ ತಗೊಳ್ತಿದ್ದೀರಾ ಅಮ್ಮ, ಬರೆದುಕೊಳ್ತೀನಿ’ ಎಂದು ಕೇಳಿ.

2. ಶೀಟಿನ ಮೇಲೆ ನಿಜವಾದ ಹೆಸರು ಹುಡುಕಿ

ಈ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಪ್ರತಿ ಔಷಧಕ್ಕೂ ಎರಡು ಹೆಸರು. ದೊಡ್ಡ ಅಕ್ಷರದಲ್ಲಿ ಕಾಣುವುದು ಬ್ರ್ಯಾಂಡ್, ಅಂದರೆ ಕಂಪನಿ ಇಟ್ಟ ಹೆಸರು. ಅದರ ಹತ್ತಿರವೇ ಇನ್ನೊಂದು ಹೆಸರು ಇರುತ್ತದೆ, ಒಳಗಿರುವ ಮದ್ದಿನದು. ಅದೇ ಜನರಿಕ್ ಹೆಸರು. ಟೆಲ್ಮಾ ಎಂಬುದು ಬ್ರ್ಯಾಂಡ್, ಟೆಲ್ಮಿಸಾರ್ಟನ್ ಒಳಗಿನ ಮದ್ದು. ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಮೂರು ಬ್ರ್ಯಾಂಡ್, ಮೂರರ ಒಳಗೂ ಪ್ಯಾರಾಸಿಟಮಾಲ್. ಮನೆಯವರಿಗೆ ಗೊತ್ತಿರುವುದು ಬ್ರ್ಯಾಂಡ್ ಹೆಸರು, ದೇಹದ ಮೇಲೆ ಕೆಲಸ ಮಾಡುವುದು ಒಳಗಿನ ಮದ್ದು. ಡಾಕ್ಟರು ಬರೆದ ಬ್ರ್ಯಾಂಡನ್ನು ಒಬ್ಬ ಮಗ ಅಂಗಡಿಯಿಂದ ತರುತ್ತಾನೆ, ಇನ್ನೊಬ್ಬ ಅದೇ ಮದ್ದನ್ನು ಜನೌಷಧಿ ಕೇಂದ್ರದಿಂದ ಕಡಿಮೆ ಬೆಲೆಗೆ ತರುತ್ತಾನೆ. ಶೀಟಿನ ಬಣ್ಣ ಬೇರೆ, ಹೆಸರು ಬೇರೆ. ಅಪ್ಪ ಎರಡನ್ನೂ ನುಂಗುತ್ತಾರೆ. ನನ್ನ ಅತ್ತೆಯೇ ಹೀಗೆ ಎಂಟು ದಿನ ಬಿಪಿ ಮಾತ್ರೆಯನ್ನು ಎರಡರಷ್ಟು ತೆಗೆದುಕೊಂಡು, ಬೆಳಗಿನ ಜಾವ ಬಚ್ಚಲಿನಲ್ಲಿ ತಲೆ ಸುತ್ತಿ ಬಿದ್ದರು. ಜನೌಷಧಿ ಮಾತ್ರೆಯಲ್ಲಿ ತಪ್ಪಿಲ್ಲ, ಅದು ಒಳ್ಳೆಯ ಆಯ್ಕೆಯೇ. ಎರಡೂ ಒಂದೇ ಎಂದು ಮನೆಯಲ್ಲಿ ಯಾರೂ ಓದಿ ನೋಡದೇ ಹೋದದ್ದು ತಪ್ಪು.

ಬ್ರ್ಯಾಂಡ್ ಹೆಸರಿನ ಬಾಲವನ್ನೂ ಓದಿ. ಟೆಲ್ಮಾ-ಎಎಮ್ ಎಂದರೆ ಬೆಳಿಗ್ಗೆ ತೆಗೆದುಕೊಳ್ಳುವ ಟೆಲ್ಮಾ ಅಲ್ಲ, ಅದರಲ್ಲಿ ಅಮ್ಲೋಡಿಪೈನ್ ಎಂಬ ಇನ್ನೊಂದು ಬಿಪಿ ಮದ್ದು ಸೇರಿದೆ. ಟೆಲ್ಮಾ-ಎಚ್‌ನಲ್ಲಿ ಮೂತ್ರ ಹೆಚ್ಚಿಸುವ ಮದ್ದು ಸೇರಿದೆ. ಇಕೋಸ್ಪ್ರಿನ್ ಬರೀ ಆಸ್ಪಿರಿನ್. ಇಕೋಸ್ಪ್ರಿನ್-ಎವಿ ಎಂದರೆ ಆಸ್ಪಿರಿನ್ ಜೊತೆ ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಸ್ಟಾಟಿನ್. ಅದರೊಟ್ಟಿಗೆ ಹಳೆಯ ಅಟೋರ್ವಸ್ಟಾಟಿನ್ ಮಾತ್ರೆಯನ್ನೂ ಮುಂದುವರಿಸಿದರೆ ಡೋಸ್ ಎರಡು ಸಲ ಬಿದ್ದಂತೆ. ಗ್ಲೈಕೋಮೆಟ್‌ನಲ್ಲಿ ಮೆಟ್‌ಫಾರ್ಮಿನ್ ಒಂದೇ ಇದ್ದರೆ, ಗ್ಲೈಕೋಮೆಟ್-ಜಿಪಿಯಲ್ಲಿ ಸಕ್ಕರೆಯನ್ನು ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್ ಕೂಡ ಇದೆ.

ಮದ್ದಿನ ಹೆಸರುಗಳು ಕಷ್ಟ ಅನಿಸಿದರೆ ಕೊನೆಯ ಅಕ್ಷರಗಳನ್ನು ಮಾತ್ರ ಗಮನಿಸಿ. ‘ಪ್ರಿಲ್’ ಮತ್ತು ‘ಸಾರ್ಟನ್’ ಬಿಪಿಯವು (ಎನಲಾಪ್ರಿಲ್, ಲೊಸಾರ್ಟನ್). ‘ಒಲಾಲ್’ ಹೃದಯ ಬಡಿತ ತಗ್ಗಿಸುವವು (ಮೆಟೊಪ್ರೊಲಾಲ್, ಅಟೆನೊಲಾಲ್). ‘ಸ್ಟಾಟಿನ್’ ಕೊಲೆಸ್ಟ್ರಾಲಿನವು, ‘ಪ್ರಜೋಲ್’ ಗ್ಯಾಸ್ ಮಾತ್ರೆಗಳು, ‘ಗ್ಲಿಪ್ಟಿನ್’ ಶುಗರಿನವು. ಒಂದೇ ಬಾಲದ ಎರಡು ಮಾತ್ರೆ ತಟ್ಟೆಯಲ್ಲಿ ಕಂಡರೆ, ಅಥವಾ ಒಂದು ‘ಪ್ರಿಲ್’ ಜೊತೆ ಒಂದು ‘ಸಾರ್ಟನ್’ ಕಂಡರೆ, ಎರಡನ್ನೂ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಓದಲು ಅವಸರ ಮಾಡಬೇಡಿ. ಕಾರ್ಬಿಮಜೋಲ್ ಥೈರಾಯ್ಡ್ ಹೆಚ್ಚಾದವರಿಗೆ, ಕಾರ್ಬಮಜೆಪಿನ್ ಮೂರ್ಛೆರೋಗದವರಿಗೆ. ಹೈಡ್ರಾಕ್ಸಿಜಿನ್ ತುರಿಕೆಗೆ, ಹೈಡ್ರಲಜಿನ್ ಬಿಪಿಗೆ. 2023ರ ಆಗಸ್ಟ್ 1ರಿಂದ ನಮ್ಮ ದೇಶದಲ್ಲಿ ಹೆಚ್ಚು ಬಳಕೆಯ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯ ಮಾಡಿದ್ದಾರೆ. ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಮದ್ದಿನ ಹೆಸರು, ತಯಾರಕರು, ಅವಧಿ ಮುಗಿಯುವ ತಾರೀಖು ಸಿಗುತ್ತವೆ.

ಎಚ್ಚರಿಕೆ: ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ಕೊಡುವಾಗ ಹೆಸರೂ ತಾರೀಖೂ ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡಬಹುದು. ‘ಹೆಸರು ಇರೋ ಕಡೆ ಕೊಡಿ’ ಎಂದು ಕೇಳಿ, ಇಲ್ಲವೇ ಪೂರ್ತಿ ಶೀಟಿನ ಫೋಟೊ ತೆಗೆದುಕೊಳ್ಳಿ. ಮನೆಯಲ್ಲಿ ಮಾತ್ರೆ ಕೀಳುವಾಗಲೂ ಹೆಸರಿಲ್ಲದ ತುದಿಯಿಂದ ಶುರುಮಾಡಿ. ಹೆಸರು ಓದಲಾಗದ ತುಂಡು ಶೀಟು ಯಾವುದೇ ಇದ್ದರೂ ಕೊಡಬೇಡಿ.

3. ಒಂದೇ ಪಟ್ಟಿ ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದ ತಲೆಯಲ್ಲಿ ರೋಗಿಯ ಹೆಸರು, ವಯಸ್ಸು, ತೂಕ ಬರೆಯಿರಿ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಅಲರ್ಜಿ: ಯಾವ ಔಷಧ ತೆಗೆದುಕೊಂಡಾಗ ಮೈಮೇಲೆ ದದ್ದು ಎದ್ದಿತ್ತು, ಮುಖ ಊದಿತ್ತು, ಉಸಿರು ಕಟ್ಟಿತ್ತು. ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದರೆ ಅದನ್ನೂ ಅಲ್ಲೇ ಬರೆಯಿರಿ.

ನಂತರ ಒಂದು ಔಷಧಕ್ಕೆ ಒಂದು ಸಾಲು, ಹೀಗೆ:

ಮೆಟ್‌ಫಾರ್ಮಿನ್ 500 ಮಿ.ಗ್ರಾಂ (ಗ್ಲೈಕೋಮೆಟ್). ಯಾಕೆ: ಶುಗರ್. ಬೆಳಿಗ್ಗೆ 1, ರಾತ್ರಿ 1, ಊಟದ ಜೊತೆ. ಬರೆದವರು: ಶುಗರ್ ಡಾಕ್ಟರು. ಶುರು: ಯಾವ ತಾರೀಖು.

‘ಯಾಕೆ’ ಎಂಬ ಕಲಂ ಬಿಡಬೇಡಿ. ತುಂಬಲು ಹೊರಟಾಗ ಎರಡು ಮೂರು ಮಾತ್ರೆಗಳ ಮುಂದೆ ನಿಮ್ಮ ಪೆನ್ನು ನಿಂತುಬಿಡುತ್ತದೆ. ಅವೇ ಡಾಕ್ಟರ ಬಳಿ ಕೇಳಬೇಕಾದ ಮಾತ್ರೆಗಳು.

ಅಂಕಿ ಬರೆಯುವಾಗ ಜೋಪಾನ. ಅರ್ಧ ಮಿಲಿಗ್ರಾಂ ಅನ್ನು .5 ಎಂದು ಬರೆದರೆ ಚುಕ್ಕೆ ಮಾಸಿ 5 ಆಗುತ್ತದೆ, 0.5 ಎಂದೇ ಬರೆಯಿರಿ. 5.0 ಎಂದು ಬರೆದರೆ 50 ಎಂದು ಓದಿಸುತ್ತದೆ, ಬರೀ 5 ಸಾಕು. ಇನ್ಸುಲಿನ್ ಲೆಕ್ಕಕ್ಕೆ ‘ಯೂನಿಟ್’ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ‘ಯು’ ಅಕ್ಷರ ಒಂದನ್ನೇ ಹಾಕಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಿಬಿಡಬಹುದು. ಥೈರಾಯ್ಡ್ ಮಾತ್ರೆಯ ಅಳತೆ ಮೈಕ್ರೊಗ್ರಾಂನಲ್ಲಿ ಇರುತ್ತದೆ, ಮಿಲಿಗ್ರಾಂ ಎಂದು ಬರೆಯಬೇಡಿ.

4. ಹಳೆಯದು, ಹೊಸದು ತಾಳೆ ಹಾಕಿ

ಡಿಸ್ಚಾರ್ಜ್ ಸಮ್ಮರಿಯ (ಮನೆಗೆ ಕಳಿಸುವಾಗ ಆಸ್ಪತ್ರೆ ಕೊಡುವ ವರದಿ) ಔಷಧದ ಪುಟ ತೆರೆದು, ಪಟ್ಟಿಯ ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ.

ಸಮ್ಮರಿಯಲ್ಲೂ ಇದೆ, ಡೋಸ್ ಅದೇ: ‘ಮುಂದುವರಿಸಿ’.

ಸಮ್ಮರಿಯಲ್ಲಿದೆ, ಆದರೆ ಡೋಸ್ ಬದಲಾಗಿದೆ, ಅಥವಾ ಜೋಡಿ ಮಾತ್ರೆಯೊಳಗೆ ಸೇರಿಕೊಂಡಿದೆ: ಹೊಸದನ್ನು ಬರೆದು, ಹಳೆಯ ಸಾಲನ್ನು ಪೂರ್ತಿ ಹೊಡೆದುಹಾಕಿ.

ಮನೆಯಲ್ಲಿದೆ, ಸಮ್ಮರಿಯಲ್ಲಿ ಇಲ್ಲ: ಜನ ಹೆಚ್ಚು ಎಡವುವುದು ಇಲ್ಲೇ. ಇಲ್ಲ ಎಂದ ಮಾತ್ರಕ್ಕೆ ನಿಲ್ಲಿಸಿದ್ದಾರೆ ಎಂದರ್ಥವಲ್ಲ. ಹೃದಯಕ್ಕೆಂದು ಅಡ್ಮಿಟ್ ಆದವರ ಥೈರಾಯ್ಡ್ ಮಾತ್ರೆ, ಮೂರ್ಛೆ ಮಾತ್ರೆ, ಕಣ್ಣಿನ ಗ್ಲಾಕೋಮಾ ಹನಿ ಸಮ್ಮರಿಯಲ್ಲಿ ಬರೆಯದೇ ಬಿಟ್ಟುಹೋಗಿರಬಹುದು. ಬೇಕೆಂದೇ ನಿಲ್ಲಿಸಿಯೂ ಇರಬಹುದು. ಊಹಿಸಬೇಡಿ, ಅದೇ ದಿನ ವಾರ್ಡಿಗೆ ಫೋನ್ ಮಾಡಿ ಕೇಳಿ. ಮೂರ್ಛೆಯ ಮಾತ್ರೆ, ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟಿರಾಯ್ಡ್, ‘ಒಲಾಲ್’ ಗುಂಪಿನ ಮಾತ್ರೆ, ನಿದ್ರೆಯ ಮಾತ್ರೆ, ಇವನ್ನು ಥಟ್ಟನೆ ನಿಲ್ಲಿಸಿದರೆ ಅದೇ ಅಪಾಯ.

ಡಿಸ್ಚಾರ್ಜ್ ಇನ್ನೂ ಆಗಿಲ್ಲವಾದರೆ ನಿಮ್ಮ ಅದೃಷ್ಟ. ಬಿಲ್ ಕಟ್ಟುವ ಗಡಿಬಿಡಿಗೆ ಮೊದಲು ಸಿಸ್ಟರ್ ಅಥವಾ ಡ್ಯೂಟಿ ಡಾಕ್ಟರ ಎದುರು ಮೂರು ಪ್ರಶ್ನೆ ಇಡಿ: ಹಳೆಯದರಲ್ಲಿ ಯಾವುದು ನಿಂತಿತು? ಹೊಸದರಲ್ಲಿ ಯಾವುದು ಎಷ್ಟು ದಿನಕ್ಕೆ? ಯಾವುದಕ್ಕಾದರೂ ರಕ್ತಪರೀಕ್ಷೆ ಬೇಕಾ, ಯಾವಾಗ? ಐದು ದಿನಕ್ಕೆಂದು ಕೊಟ್ಟ ಆ್ಯಂಟಿಬಯಾಟಿಕ್, ಹದಿನೈದು ದಿನದ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ಮುಂದುವರಿಯುವುದು ಎರಡನೇ ಪ್ರಶ್ನೆಯನ್ನು ಯಾರೂ ಕೇಳದಿರುವುದರಿಂದ.

ನಿಂತುಹೋದ ಔಷಧವನ್ನು ಒಂದು ಕವರಿಗೆ ಹಾಕಿ ‘ನಿಲ್ಲಿಸಿದ್ದು’ ಎಂದು ಬರೆದು ಬೇರೆ ಕೋಣೆಯಲ್ಲಿ ಇಡಿ. ಅನುಮಾನ ಇರುವುದು ಎರಡನೇ ಕವರಿಗೆ, ‘ಕೇಳಬೇಕು’ ಎಂದು ಬರೆದು. ‘ದುಡ್ಡು ಕೊಟ್ಟದ್ದು, ಖಾಲಿ ಆಗಲಿ’ ಎಂದು ಹಿರಿಯರು ಹಟ ಹಿಡಿಯುವುದುಂಟು. ಅವರ ಕೈಗೆ ಸಿಗುವಲ್ಲಿ ಇಡಬೇಡಿ.

5. ಚೀಟಿಯ ಗುರುತು, ಹೊತ್ತು ಗೊತ್ತು

1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ‘ಒಡಿ’ (OD) ಎಂದರೆ ದಿನಕ್ಕೊಮ್ಮೆ, ‘ಬಿಡಿ’ (BD) ಎರಡು ಸಲ, ‘ಟಿಡಿಎಸ್’ (TDS) ಮೂರು ಸಲ, ‘ಎಚ್‌ಎಸ್’ (HS) ಮಲಗುವಾಗ. ‘ಎಸಿ’ (AC) ಊಟಕ್ಕೆ ಮೊದಲು, ‘ಪಿಸಿ’ (PC) ಊಟದ ಮೇಲೆ. ‘ಎಸ್‌ಒಎಸ್’ (SOS) ಎಂದರೆ ನೋವೋ ಜ್ವರವೋ ಬಂದಾಗ ಮಾತ್ರ, ದಿನವೂ ಅಲ್ಲ. ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂದು ಬರೆಸಿಕೊಳ್ಳಿ. ಅಕ್ಷರ ಅರ್ಥವಾಗದಿದ್ದರೆ ಕೇಳಲು ಸಂಕೋಚ ಬೇಡ. ವೈದ್ಯರು ಔಷಧವನ್ನು ಜನರಿಕ್ ಹೆಸರಿನಲ್ಲಿ, ಓದುವಂತೆ ಸ್ಪಷ್ಟವಾಗಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿತ್ತು.

ನಮ್ಮ ಮನೆಗಳಲ್ಲಿ ಹೊತ್ತು ತಪ್ಪುವ ಮೊದಲ ಮಾತ್ರೆ ಥೈರಾಯ್ಡಿನದು. ಎದ್ದೊಡನೆ ಕಾಫಿ, ಕಾಫಿಯ ಜೊತೆಗೇ ಮಾತ್ರೆ. ಹಾಗೆ ತೆಗೆದುಕೊಂಡರೆ ಮದ್ದು ಪೂರ್ತಿ ಮೈಗೆ ಹತ್ತುವುದಿಲ್ಲ. ಖಾಲಿ ಹೊಟ್ಟೆಗೆ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಲಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆಯ ಅಂತರ ಇರಲಿ.

ಉಪವಾಸದ ದಿನ ಇನ್ನೂ ಮುಖ್ಯ. ಏಕಾದಶಿಯೋ ಸಂಕಷ್ಟಿಯೋ ಬಂತೆಂದು ಊಟ ಬಿಡುತ್ತಾರೆ, ಶುಗರ್ ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ಇವು ಹೊಟ್ಟೆ ಖಾಲಿ ಇದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತವೆ. ಉಪವಾಸ ಬಿಡಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆ ದಿನ ಯಾವ ಮಾತ್ರೆ, ಎಷ್ಟು ಎಂದು ಮೊದಲೇ ಡಾಕ್ಟರಿಂದ ಬರೆಸಿ ಪಟ್ಟಿಗೆ ಸೇರಿಸಿ. ರಂಜಾನ್ ತಿಂಗಳಿಗಾದರೆ ಕೆಲವು ವಾರ ಮೊದಲೇ ಭೇಟಿಯಾಗಿ.

ನುಂಗಲು ಆಗುವುದಿಲ್ಲವೆಂದು ಮಾತ್ರೆ ಕುಟ್ಟಿ ಪುಡಿ ಮಾಡುವವರಿದ್ದಾರೆ. ಹೆಸರಿನ ಬಾಲದಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್, ಎಕ್ಸ್‌ಎಲ್ ಇದ್ದರೆ ಅದು ದಿನವಿಡೀ ನಿಧಾನವಾಗಿ ಕರಗಬೇಕಾದ ಮಾತ್ರೆ. ಕುಟ್ಟಿದರೆ ಇಡೀ ದಿನದ ಮದ್ದು ಒಂದೇ ಸಲ ರಕ್ತಕ್ಕೆ ಇಳಿಯುತ್ತದೆ. ಮೂಗಿನ ನಳಿಕೆಯಿಂದ ಕೊಡುವವರಂತೂ ಪ್ರತಿ ಮಾತ್ರೆಯ ಬಗ್ಗೆಯೂ ಕೇಳಿಯೇ ಕೊಡಬೇಕು, ಸಿರಪ್ ರೂಪ ಸಿಗಬಹುದು.

ವಾರದ ಮಾತ್ರೆ ಡಬ್ಬಿ ಒಳ್ಳೆಯದು. ಆದರೆ ನಾಲಿಗೆ ಕೆಳಗಿಡುವ ಎದೆನೋವಿನ ಮಾತ್ರೆ, ಮೂರ್ಛೆಗೆ ಕೊಡುವ ವ್ಯಾಲ್ಪ್ರೊಯೇಟ್, ರಕ್ತ ಹೆಪ್ಪುಗಟ್ಟದಿರಲು ಕೊಡುವ ಡಬಿಗಟ್ರಾನ್ ಗಾಳಿ, ತೇವಕ್ಕೆ ಕೆಡುತ್ತವೆ. ಅವು ತಮ್ಮ ಶೀಟಿನಲ್ಲೇ, ಬಾಟಲಿಯಲ್ಲೇ ಇರಲಿ.

6. ನಾಲ್ಕು ಔಷಧಗಳ ಹತ್ತಿರ ಇನ್ನಷ್ಟು ನಿಧಾನ

ಇನ್ಸುಲಿನ್. ನಮ್ಮಲ್ಲಿ ಇದು ಎರಡು ಸಾಂದ್ರತೆಯಲ್ಲಿ ಬರುತ್ತದೆ. ಒಂದರಲ್ಲಿ ಪ್ರತಿ ಮಿ.ಲೀ.ಗೆ 40 ಯೂನಿಟ್, ಇನ್ನೊಂದರಲ್ಲಿ 100. ಎರಡಕ್ಕೂ ಸಿರಿಂಜ್ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 20 ಯೂನಿಟ್ ಅಲ್ಲ, 50. ರೋಗಿ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಅದಲುಬದಲಾಗಿ 40ರದ್ದನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಸಿಗುವುದು 8 ಯೂನಿಟ್ ಮಾತ್ರ, ಸಕ್ಕರೆ ಏರಿ ಕೂರುತ್ತದೆ. ಬಾಟಲಿ ತಂದಾಗಲೆಲ್ಲ ಬಾಟಲಿಯ ಅಂಕಿ, ಸಿರಿಂಜಿನ ಅಂಕಿ ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ಇನ್ಸುಲಿನ್ ಪೆನ್ನಿನ (ಪೆನ್ನಿನಂತಿರುವ ಚುಚ್ಚುಮದ್ದಿನ ಸಾಧನ) ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಂದೂ ಎಳೆಯಬೇಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ಒಳಗಿರಲಿ. ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಫ್ರಿಜ್ ಇಲ್ಲದಿದ್ದರೆ ನೀರು ತುಂಬಿದ ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಪಾತ್ರೆ ಇಟ್ಟು, ಬಾಟಲಿ ಒದ್ದೆಯಾಗದಂತೆ ಅದರಲ್ಲಿ ಇರಿಸಿ, ನೆರಳಿನಲ್ಲಿಡಿ.

ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುವ ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನವೂ ತೆಗೆದುಕೊಂಡರೆ ಕೆಲವೇ ದಿನಗಳಲ್ಲಿ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು. ಇದರ ಜೊತೆ ಕೊಡುವ ಫೋಲಿಕ್ ಆ್ಯಸಿಡ್ ಮಾತ್ರೆಯೂ ಸಣ್ಣದು, ಎಷ್ಟೋ ಸಲ ಬಣ್ಣವೂ ಹಳದಿಯೇ, ಅದಲುಬದಲಾಗುವುದು ಸುಲಭ. ‘ವಾರಕ್ಕೊಮ್ಮೆ, ಬುಧವಾರ ಮಾತ್ರ’ ಎಂದು ಶೀಟಿನ ಮೇಲೂ ಪಟ್ಟಿಯಲ್ಲೂ ದೊಡ್ಡದಾಗಿ ಬರೆಯಿರಿ. ಇದೊಂದು ಮಾತ್ರೆಯ ಜವಾಬ್ದಾರಿ ಮನೆಯ ಒಬ್ಬರದೇ ಆಗಿರಲಿ. ಬಾಯಲ್ಲಿ ಹುಣ್ಣು, ಜ್ವರ, ಗಂಟಲು ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಇದರೊಂದಿಗೆ ಕೂಡದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಅಂದರೆ ವಾರ್ಫರಿನ್, ಅಸಿಟ್ರೋಮ್ ಇತ್ಯಾದಿ. ಹೃದಯದ ಕವಾಟ ಬದಲಾಯಿಸಿದವರು ಇದನ್ನು ಐಎನ್ಆರ್ ಎಂಬ ರಕ್ತಪರೀಕ್ಷೆಯ ಲೆಕ್ಕದ ಮೇಲೆ ತೆಗೆದುಕೊಳ್ಳುತ್ತಾರೆ. ಐಎನ್ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯದ ಅಳತೆ. ನೋವಿನ ಮಾತ್ರೆ, ಹೊಸ ಆ್ಯಂಟಿಬಯಾಟಿಕ್ ಸೇರಿದರೆ ಲೆಕ್ಕ ತಪ್ಪುತ್ತದೆ. ನುಗ್ಗೆ, ಪಾಲಕ್, ದಂಟಿನ ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಲಿ. ಮಲ ಡಾಂಬರಿನಂತೆ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ಆಗ ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಹೊರಡಿ.

ಕೊನೆಯದು ನಾವು ಔಷಧವೆಂದೇ ಭಾವಿಸದ ನೋವಿನ ಮಾತ್ರೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಇವುಗಳನ್ನು ಮಂಡಿನೋವಿಗೆಂದು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವವರು ಪ್ರತಿ ಊರಲ್ಲೂ ಇದ್ದಾರೆ. ‘ಪ್ರಿಲ್’ ಅಥವಾ ‘ಸಾರ್ಟನ್’ ಮಾತ್ರೆ, ಮೂತ್ರದ ಮಾತ್ರೆ, ಅದರ ಮೇಲೆ ಈ ನೋವಿನ ಮಾತ್ರೆ, ಈ ಮೂರು ಸೇರಿದರೆ ಕಿಡ್ನಿ ಏಕಾಏಕಿ ಸೋಲಬಹುದು. ಈ ನೋವಿನ ಮಾತ್ರೆಗಳ ಶೀಟಿನ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಇರುತ್ತದೆ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಅದರ ಅರ್ಥ. ಪ್ಯಾರಾಸಿಟಮಾಲ್ ಇವಕ್ಕಿಂತ ಸುರಕ್ಷಿತ, ಆದರೆ ಲೆಕ್ಕ ಬೇಕು. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಅಂದರೆ 4,000 ಮಿ.ಗ್ರಾಂ ಗಡಿ, ಲಿವರ್ ತೊಂದರೆ ಇರುವವರಿಗೆ, ಕೃಶವಾದ ಹಿರಿಯರಿಗೆ ಇನ್ನೂ ಕಡಿಮೆ. 650ರ ಮಾತ್ರೆ ಮೂರು ಸಲ, 325 ಪ್ಯಾರಾಸಿಟಮಾಲ್ ಸೇರಿರುವ ನೋವಿನ ಮಾತ್ರೆ ಎರಡು ಸಲ, 500 ಸೇರಿರುವ ನೆಗಡಿ ಮಾತ್ರೆ ಮೂರು ಸಲ: ಕೂಡಿ ನೋಡಿ, 4,100 ಮಿ.ಗ್ರಾಂ. ಮೂರೂ ಬೇರೆ ಬೇರೆ ಹೆಸರಿನ ಮಾತ್ರೆಗಳಾದ್ದರಿಂದ ಗಡಿ ದಾಟಿದ್ದು ಯಾರಿಗೂ ತಿಳಿಯುವುದಿಲ್ಲ.

7. ಮನೆಯಲ್ಲಿ ಮಗುವಿದ್ದರೆ

ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ, ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಅಥವಾ 250. ಡಾಕ್ಟರು 10 ಕಿಲೊ ಮಗುವಿಗೆ 150 ಮಿ.ಗ್ರಾಂ ಹೇಳಿದ್ದರೆ 125ರ ಸಿರಪ್‌ನಲ್ಲಿ ಅದು 6 ಮಿ.ಲೀ., ಡ್ರಾಪ್ಸ್‌ನಲ್ಲಿ ಒಂದೂವರೆ. ಸಿರಪ್ ಮುಗಿಯಿತೆಂದು ಡ್ರಾಪ್ಸ್ ತಂದು ಅದೇ 6 ಮಿ.ಲೀ. ಕೊಟ್ಟರೆ ನಾಲ್ಕು ಪಟ್ಟು. ಡೋಸನ್ನು ಮಿ.ಲೀ.ಯಲ್ಲಿ ಅಲ್ಲ, ಮಿ.ಗ್ರಾಂನಲ್ಲಿ ನೆನಪಿಡಿ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳ ಅಥವಾ ಪಿಚಕಾರಿ ಬಳಸಿ. ನೋವು, ಜ್ವರದ ಮದ್ದಾದ ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದು ನಮ್ಮ ದೇಶದಲ್ಲಿ 2011ರಿಂದ ನಿಷೇಧ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಸೇರಿರುವ ನೆಗಡಿ ಸಿರಪ್ 4 ವರ್ಷದೊಳಗಿನ ಮಕ್ಕಳಿಗೆ ಕೂಡದು. ಬಸುರಿ, ಬಾಣಂತಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯನ್ನು ಮಗು ಮಿಠಾಯಿ ಎಂದುಕೊಂಡು ನುಂಗಿದರೆ ಪ್ರಾಣಕ್ಕೆ ಅಪಾಯ, ಎತ್ತರದಲ್ಲಿ ಬೀಗ ಹಾಕಿ ಇಡಿ.

8. ಮೊದಲ ಎರಡು ವಾರ ಕಣ್ಣಿಟ್ಟಿರಿ

ಹೊಸ ಮಾತ್ರೆ ಶುರುವಾದ ಮೇಲೆ ಬಂದ ಹೊಸ ತೊಂದರೆ ಏನಿದ್ದರೂ, ಅದು ಮಾತ್ರೆಯದೇ ಇರಬಹುದೇ ಎಂದು ಮೊದಲು ಕೇಳಿಕೊಳ್ಳಿ. ಅಮ್ಲೋಡಿಪೈನ್ ಶುರುವಾದ ಮೇಲೆ ಪಾದ ಊದಿಕೊಂಡರೆ, ಊತಕ್ಕೆಂದು ಮೂತ್ರದ ಮಾತ್ರೆ ಸೇರುತ್ತದೆ. ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ಶುರುವಾಗಿ ಒಣಕೆಮ್ಮು ಹತ್ತಿದರೆ, ಕೆಮ್ಮಿಗೆಂದು ಸಿರಪ್ ಬರುತ್ತದೆ. ಒಂದು ಮದ್ದಿನ ತೊಂದರೆಗೆ ಇನ್ನೊಂದು, ಅದರದ್ದಕ್ಕೆ ಮತ್ತೊಂದು. ಪಟ್ಟಿಯಲ್ಲಿ ಶುರುವಾದ ತಾರೀಖು ಬರೆದಿದ್ದರೆ ಈ ಸರಪಳಿ ಡಾಕ್ಟರ ಕಣ್ಣಿಗೆ ಬೀಳುತ್ತದೆ.

ಬೆವರು, ನಡುಕ, ವಿಪರೀತ ಹಸಿವು, ಅಸಂಬದ್ಧ ಮಾತು ಕಂಡರೆ ಸಕ್ಕರೆ ಇಳಿದಿರಬಹುದು. ಮೂರು ಟೀಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಚೇತರಿಸಿಕೊಂಡ ಮೇಲೆ ಊಟ ಕೊಟ್ಟು ಡಾಕ್ಟರಿಗೆ ತಿಳಿಸಿ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಯ ಸಕ್ಕರೆ ಬೇಗ ಏರುವುದಿಲ್ಲ, ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಮುಖ, ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿದರೆ, ಆಗಲೂ 108.

ವಾಂತಿ ಭೇದಿ ಹಿಡಿದು ನೀರೂ ನಿಲ್ಲದಂತಾದಾಗ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೊಜಿನ್ (ಇದೂ ಶುಗರ್ ಮಾತ್ರೆ), ಮೂತ್ರದ ಮಾತ್ರೆ, ‘ಪ್ರಿಲ್’, ‘ಸಾರ್ಟನ್’ ಇವನ್ನು ಎಂದಿನಂತೆ ಕೊಟ್ಟರೆ ಹಾನಿ ಆಗಬಹುದು. ಅಂಥ ದಿನ ಯಾವುದನ್ನು ತಡೆಹಿಡಿಯಬೇಕು ಎಂದು ಆರೋಗ್ಯವಾಗಿರುವಾಗಲೇ ಕೇಳಿ ಪಟ್ಟಿಯ ಹಿಂದೆ ಬರೆದಿಡಿ. ದೇವನಹಳ್ಳಿ ಕಡೆಯ ಓದುಗರಿಗೆ ಇನ್ನೊಂದು ಮಾತು: ಚಕ್ಕೋತ, ಹಲವು ಔಷಧಗಳೊಂದಿಗೆ ಕೂಡದ ಗ್ರೇಪ್‌ಫ್ರೂಟ್‌ನ ಹತ್ತಿರದ ನೆಂಟ. ಕಿಡ್ನಿ ಕಸಿ ಮಾಡಿಸಿಕೊಂಡವರು, ಸ್ಟಾಟಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ತಿನ್ನಿ.

9. ಪಟ್ಟಿ ಎಲ್ಲಿರಬೇಕು, ತೊಂದರೆ ಆದರೆ ಎಲ್ಲಿ ತಿಳಿಸಬೇಕು

ಪಟ್ಟಿಯ ಒಂದು ಪ್ರತಿ ಫ್ರಿಜ್ಜಿನ ಬಾಗಿಲ ಮೇಲೆ, ಒಂದು ರೋಗಿಯ ಪರ್ಸಿನಲ್ಲಿ, ಒಂದು ಫೋಟೊ ಮನೆಯ ಎಲ್ಲರ ಫೋನಿನಲ್ಲಿ ಇರಲಿ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳಿಗೂ ಕಳಿಸಿ, ರಾತ್ರಿ ಹೊತ್ತು ಫೋನಿನಲ್ಲಿ ‘ಯಾವ ಮಾತ್ರೆ’ ಎಂಬ ಗೊಂದಲ ತಪ್ಪುತ್ತದೆ. ಯಾವ ಡಾಕ್ಟರ ಬಳಿ ಹೋದರೂ, ಹಲ್ಲಿನವರಾದರೂ ಸರಿ, ಚೀಟಿ ಬರೆಯುವ ಮೊದಲು ಇದನ್ನು ಅವರ ಮುಂದಿಡಿ. ಬದಲಾವಣೆ ಆದಾಗ ಹಳೆಯ ಪ್ರತಿಗಳನ್ನೆಲ್ಲ ಹರಿದುಹಾಕಿ ಹೊಸದನ್ನು ಅಂಟಿಸಿ.

‘ನಿಲ್ಲಿಸಿದ್ದು’ ಕವರನ್ನು ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ತೋರಿಸಿ ಖಚಿತವಾದ ಮೇಲೆ, ಮಾತ್ರೆ ಬಿಡಿಸಿ, ಡಿಕಾಕ್ಷನ್ ತೆಗೆದು ಉಳಿದ ಕಾಫಿಪುಡಿಯಲ್ಲಿ ಕಲಸಿ, ಕಟ್ಟಿ ಎಸೆಯಿರಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಕೊಡಿ, ಕಸ ಆಯುವವರ ಕೈಗೆ ಚುಚ್ಚಬಾರದು.

ಔಷಧದಿಂದ ತೊಂದರೆ ಆಯಿತೆನಿಸಿದರೆ ಅದನ್ನು ವರದಿ ಮಾಡಲು ನಿಮಗೂ ಅವಕಾಶವಿದೆ, ಡಾಕ್ಟರೇ ಆಗಬೇಕಿಲ್ಲ. ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ರೋಗಿಗಳು ತುಂಬುವ ಅರ್ಜಿ ಕನ್ನಡದಲ್ಲೂ ಇದೆ. ಅದರಲ್ಲಿ ಔಷಧದ ಹೆಸರು, ಶುರುವಾದ ತಾರೀಖು, ತೊಂದರೆ ಕಂಡ ತಾರೀಖು ಕೇಳುತ್ತಾರೆ. ಮೊದಲ ಎರಡು ನಿಮ್ಮ ಪಟ್ಟಿಯಲ್ಲೇ ಇರುತ್ತವೆ. ಬ್ಯಾಚ್ ನಂಬರ್ ಮಾತ್ರ ಶೀಟಿನ ಮೇಲಿರುತ್ತದೆ, ಖಾಲಿಯಾಗಿದ್ದರೂ ಆ ಶೀಟನ್ನು ಎಸೆಯಬೇಡಿ.